ಮೋರಿಯ ಮೇಲ್ಗಡೆ ಸಿಕ್ಕ ಮೀನು

"ನೀ ಮೀನು ಕೊಯ್ಯೂದು ಈ ಜನ್ಮದಾಗ ಆಗೂದಲ್ಲ ಬಿಡು" ಎಂದವಳು ನನ್ನ ಅಕ್ಕ. ಅಮೆರಿಕದ ಬಾಥೆಲ್‌ನ ಅವಳ ಮನೆಯಲ್ಲಿದ್ದುಕೊಂಡೇ ನಾನು ಪರಿಸರ ವಿಜ್ಞಾನದ ಡಿಗ್ರಿ ಓದುತ್ತಿದ್ದೆ. "ಬದನಿಕಾಯಾಗ ಹುಳ ಕಂಡ್ರ ಚಾಕು ಒಗದು ಓಡ್ತಿ. ಮೀನಿನ ಹೊಟ್ಟಿ ಸೀಳ್ತಾಳಂತ!"

ನಮ್ಮದು ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆ. ಅಪ್ಪ ಗದಗದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಅಕ್ಕನ ಓದು ಎಸ್ಸೆಸ್ಸೆಲ್ಸಿಗೇ ನಿಂತಿತು. ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ, ಅದೂ ಮೂವತ್ತು ದಾಟಿದ ಮೇಲೆ, ಅಂಗಡಿಯಲ್ಲಿ ದುಡಿಯುತ್ತ.

ಕೊನೆಯ ವರ್ಷದ ಕೆಲಸ ಕೆನ್ಮೋರ್ ಹತ್ತಿರದ ಹಳ್ಳವೊಂದರಲ್ಲಿ. ರಸ್ತೆಯಡಿಯ ಹಳೆಯ ಮೋರಿಯ ಬಾಯಿ ನೀರಿಗಿಂತ ಎದೆಮಟ್ಟ ಮೇಲಿತ್ತು. ಮೊಟ್ಟೆಯಿಡಲು ಸಮುದ್ರದಿಂದ ಬರುವ ಸಾಲ್ಮನ್ ಮೀನುಗಳು ಹಾರಿ ಹಾರಿ ಸೋತು ಕೆಳಗೇ ಸಾಯುತ್ತಿದ್ದವು. ಆ ಬೇಸಿಗೆಯಲ್ಲಿ ಅದನ್ನು ಕಿತ್ತು, ಹಳ್ಳದಷ್ಟೇ ಅಗಲದ ಹೊಸ ಮೋರಿ ಕೂಡಿಸಿದ್ದರು. ಮೀನು ಈಗಲಾದರೂ ಮೇಲೇರಿ ಮೊಟ್ಟೆಯಿಟ್ಟವೇ ಎಂದು ನೋಡುವುದು ನಮ್ಮ ಕ್ಲಾಸಿನ ಪಾಲಿಗೆ ಬಂದಿತ್ತು. ಸಾಲ್ಮನ್ ಮೊಟ್ಟೆಯಿಟ್ಟು ಸಾಯುತ್ತದೆ; ಸತ್ತ ಹೆಣ್ಣಿನ ಹೊಟ್ಟೆ ಸೀಳಿದರೆ ಇಟ್ಟಿದೆಯೋ ಇಲ್ಲವೋ ತಿಳಿಯುತ್ತದೆ. ಮೋರಿಯ ಕೆಳಗಡೆ ಸಿಕ್ಕ ಸತ್ತ ಮೀನುಗಳನ್ನೆಲ್ಲ ನಾನು ಜೊತೆಗಾತಿಯ ಕೈಗೆ ದಾಟಿಸಿದ್ದೆ. ಪಾಠದ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟರು: ಮುಂದಿನದನ್ನು ನೀನೇ ಸೀಳಬೇಕು, ಇಲ್ಲವಾದರೆ ಪಾಸಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಅಕ್ಕನೇ ಡ್ರೈವ್ ಮಾಡಿ ತಂದು ಬಿಟ್ಟಳು. ಬಿಟ್ಟು ಹೋಗಲಿಲ್ಲ, ಜಾಕೆಟಿನ ಕಾಲರಿನಿಂದ ಮೂಗು ಮುಚ್ಚಿಕೊಂಡು ದಂಡೆಯ ಮೇಲೆ ನಿಂತಳು. ನಾನು ಹೊಸ ಮೋರಿ ದಾಟಿ ಹಳ್ಳದ ಮೇಲ್ಗಡೆಗೆ ಹೋದೆ. ಮೊದಲ ತಿರುವಿನಲ್ಲೇ ಹೆಣ್ಣು ಮೀನೊಂದು ಸತ್ತು ಬಿದ್ದಿತ್ತು. ಮೊಟ್ಟೆಯಿಡಲು ಕಲ್ಲು ತೋಡಿ ತೋಡಿ ಬಾಲ ಸವೆದು ಬೆಳ್ಳಗಾಗಿತ್ತು.

"ಅಕ್ಕಾ, ಏರಿ ಬಂದೈತಿ! ಮೋರಿ ದಾಟಿ ಬಂದೈತಿ!"

"ಸತ್ತದ್ದನ್ನ ನೋಡಿ ಯಾರರ ಹಿಂಗ ಕುಣೀತಾರೇನು? ಮೊದಲ ಕೊಯ್ಯಿ!"

ಉಸಿರು ಬಿಗಿಹಿಡಿದು ಚಾಕು ಹಾಕಿದೆ. ನಾತ ಗಪ್ಪೆಂದು ಮುಖಕ್ಕೆ ಹೊಡೆಯಿತು. ಹೊಟ್ಟೆ ಖಾಲಿ! ಕಿತ್ತಳೆ ಬಣ್ಣದ ಒಂದೆರಡು ಮೊಟ್ಟೆ ಅಂಟಿಕೊಂಡಿದ್ದವು, ಅಷ್ಟೇ. ಉಳಿದವೆಲ್ಲ ಹಳ್ಳ ಸೇರಿದ್ದವು. ನಾನು ಕೂಗಿದ ಕೂಗಿಗೆ ರಸ್ತೆಯಲ್ಲಿ ನಾಯಿ ಹಿಡಿದು ಹೊರಟವರೂ ನಿಂತು ನೋಡಿದರು. ಅಕ್ಕ ಶೂ ಸಮೇತ ನೀರಿಗೆ ಇಳಿಯಲು ಹೊರಟಳು.

"ಅಲ್ಲಿ ಕಾಲಿಡಬ್ಯಾಡ, ಕಲ್ಲಿನ ಕೆಳಗ ಮೊಟ್ಟಿ ಅದಾವ!"

"ಅಯ್ಯ ಶಿವನ!" ಎಂದವಳು ಒಂಟಿಕಾಲಲ್ಲೇ ನಿಂತುಬಿಟ್ಟಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಜೂನಿನಲ್ಲಿ ಪದವಿ ಪತ್ರ ಕೊಟ್ಟರು. ವೇದಿಕೆಯಿಂದ ಇಳಿದವಳೇ ಅದನ್ನು ಅಕ್ಕನ ಕೈಗಿಟ್ಟೆ. ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಹೋಗಿ, ನನ್ನ ಹೆಸರಿನ ಪಕ್ಕದಲ್ಲಿದ್ದ ಅಪ್ಪನ ಹೆಸರಿನ ಮೇಲೆ ನಿಲ್ಲಿಸಿದಳು.

"ಅಪ್ಪನ ಹೆಸರು ಪಾಸಾತು ನೋಡ, ತಂಗಿ."