ಜವಳಿ ಅಂಗಡಿಯ ಹಾಜಿಯವರು

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಸವೆದು ನುಣ್ಣಗೆ ಹೊಳೆಯುತ್ತಿದ್ದವು. ಜೀವಮಾನವಿಡೀ ಬಟ್ಟೆಯ ಅಂಚು ಹಿಡಿದು ತಿಕ್ಕಿ ನೋಡಿದ ಬೆರಳುಗಳು ಅವು. ಮೊದಲ ಸಲ ನನ್ನ ಸ್ಕ್ಯಾನಿಂಗ್ ಮೇಜಿನ ಮೇಲೆ ಮಲಗಿದಾಗಲೂ ಅಷ್ಟೆ, ನಾನು ಅವರ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುತ್ತಿದ್ದರೆ ಆ ಎರಡು ಬೆರಳುಗಳು ಕೆಳಗೆ ಹಾಸಿದ್ದ ಬೆಡ್‌ಶೀಟನ್ನು ಪರೀಕ್ಷಿಸುತ್ತಿದ್ದವು.

"ಇದು ಕಾಟನ್ ಅಂತ ಹೇಳಿ ಕೊಟ್ಟದ್ದಾ ಡಾಕ್ಟ್ರೇ? ಮಿಕ್ಸ್ ಉಂಟು ಇದರಲ್ಲಿ" ಎಂದರು.

ನಾನು ನಕ್ಕೆ. ನಗು ಮುಗಿಯುವ ಮೊದಲೇ ಪರದೆಯ ಮೇಲೆ ಅವರ ಲಿವರಿನ ಬಲಭಾಗದಲ್ಲಿ ಗಡ್ಡೆ ಕಾಣಿಸಿತು.

ಎರಡು ಸಾವಿರನೇ ಇಸವಿಯ ಆಚೀಚಿನ ವರ್ಷಗಳವು. ಮಂಗಳೂರಿನಲ್ಲಿ ರೇಡಿಯಾಲಜಿ ಓದು ಮುಗಿಸಿ ಬಿ.ಸಿ.ರೋಡಿನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಸೇರಿದ್ದೆ. ಮನೆ ಮೂಡಬಿದಿರೆಯಲ್ಲಿ. ದಿನಾ ಬೆಳಿಗ್ಗೆ ಸಿದ್ದಕಟ್ಟೆಯ ದಾರಿಯಾಗಿ ಬಸ್ಸಿನಲ್ಲಿ ಬರುತ್ತಿದ್ದೆ. ಹಾಜಿಯವರದು ಬಂಟ್ವಾಳ ಪೇಟೆಯ ಹಳೆಯ ಬೀದಿಯಲ್ಲಿ ಜವಳಿ ಅಂಗಡಿ. ಹರೆಯದಲ್ಲಿ ಕೆಲವು ವರ್ಷ ಗಲ್ಫಿನಲ್ಲಿದ್ದರಂತೆ, ಅಲ್ಲಿಯೂ ಬಟ್ಟೆ ಅಂಗಡಿಯಲ್ಲಿಯೇ. ಅವರ ಲಿವರನ್ನು ಹಾಳು ಮಾಡಿದ್ದು ರಕ್ತದಲ್ಲಿ ಯಾವಾಗಲೋ ಸೇರಿ, ಸದ್ದಿಲ್ಲದೆ ಕೂತಿದ್ದ ಕಾಮಾಲೆಯ ವೈರಸ್. ಅದು ಕೊನೆಗೆ ಕ್ಯಾನ್ಸರಿಗೆ ತಿರುಗಿತ್ತು. ಮಂಗಳೂರಿನಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು, ಆಪರೇಷನ್ ಆಯಿತು. ಲಿವರಿನ ಒಂದು ಭಾಗವನ್ನೇ ಕತ್ತರಿಸಿ ತೆಗೆದರು. ಮನೆಯವರೆಲ್ಲರ ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಪುಣ್ಯಕ್ಕೆ ಬೇರೆ ಯಾರಿಗೂ ವೈರಸ್ ಇರಲಿಲ್ಲ.

ಗಾಯ ಮಾಗಿದ ಮೇಲೆ ಸಿ.ಟಿ. ಫಿಲ್ಮುಗಳ ದೊಡ್ಡ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಕೋಣೆಗೆ ಬಂದರು. ಜೊತೆಯಲ್ಲಿ ದೊಡ್ಡ ಮಗ.

"ಇದು ಪುನಃ ಬರ್ತದಾ?" ಎಂದು ಕೇಳಿದರು.

ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಆಪರೇಷನ್ನಿಗೆ ಮೊದಲು ತೆಗೆದ ಚಿತ್ರಗಳು. ಗಡ್ಡೆಯ ಅಂಚು ಮೂರು ಕಡೆ ದುಂಡಗಿತ್ತು, ಸ್ಪಷ್ಟವಾಗಿತ್ತು. ನಾಲ್ಕನೆಯ ಕಡೆ ಮಾತ್ರ ಶಾಯಿ ಹೀರಿದ ಕಾಗದದ ಹಾಗೆ ಹರಡಿ, ಒಂದು ಸಣ್ಣ ರಕ್ತನಾಳದ ಹತ್ತಿರ ಮಸುಕಾಗಿತ್ತು. ಇಂತಹ ಅಂಚಿರುವ ಗಡ್ಡೆಗಳನ್ನು ಎಷ್ಟು ಚೆನ್ನಾಗಿ ತೆಗೆದರೂ ಮರಳುವ ಭಯ ಹೆಚ್ಚು ಎಂದು ನನ್ನ ಪ್ರೊಫೆಸರರು ಹೇಳಿದ್ದರು. ಉಳಿದ ಲಿವರ್ ಕೂಡ ವೈರಸ್ಸಿನಿಂದ ಹಾಳಾಗಿ ನುಣುಪು ಕಳೆದುಕೊಂಡಿತ್ತು. ಆದರೆ ಎದುರಿಗೆ ಕೂತ ಮನುಷ್ಯನಿಗೆ ಅದನ್ನು ಹೇಗೆ ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

"ಈಗ ಎಲ್ಲ ತೆಗೆದಿದ್ದಾರಲ್ಲ. ಚಿಂತೆ ಮಾಡಬೇಡಿ, ದೇವರಿದ್ದಾನೆ" ಎಂದೆ.

ಹಾಜಿಯವರು ಟೊಪ್ಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. "ಡಾಕ್ಟ್ರೇ, ದೇವರ ವಿಷಯ ನನಗೆ ಗೊತ್ತುಂಟು. ನೀವು ಆ ಫೋಟೋದ ವಿಷಯ ಹೇಳಿ."

ಮಗ ತಡೆಯಲು ನೋಡಿದ. ಅವರು ಕೈಯೆತ್ತಿ ಸುಮ್ಮನಿರಿಸಿದರು. ನಾನು ಎದ್ದು ನಿಂತು, ಪೆನ್ನಿನ ತುದಿಯಿಂದ ಆ ಮಸುಕಾದ ಅಂಚನ್ನು ತೋರಿಸಿ ಎಲ್ಲವನ್ನೂ ಹೇಳಿದೆ. ಬರಲೇಬೇಕೆಂದಿಲ್ಲ, ಆದರೆ ಬರಬಹುದು, ಬಂದರೆ ಮೊದಲ ಒಂದೆರಡು ವರ್ಷಗಳಲ್ಲಿಯೇ ಬರುವುದು ಹೆಚ್ಚು ಎಂದೆ. ಅವರು ಎದ್ದು ಬಂದು ಫಿಲ್ಮಿನ ಹತ್ತಿರ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

"ಹಾಗಾದರೆ ಅದು ದೊಡ್ಡದಾಗುವ ಮೊದಲೇ ನಾವು ನೋಡುವ. ಯಾವಾಗ ಬರಬೇಕು ಹೇಳಿ."

ಮೂರು ತಿಂಗಳಿಗೊಮ್ಮೆ ಎಂದೆ. ಒಂದು ಸಲವೂ ಅವರು ತಪ್ಪಿಸಲಿಲ್ಲ.

ಆ ನಡುವೆ ಅಮ್ಮನಿಗೊಂದು ಸೀರೆ ತರಲು ಅವರ ಅಂಗಡಿಗೆ ಹೋಗಿದ್ದೆ. ನಾನು ಮೆಚ್ಚಿದ ಸೀರೆಯನ್ನು ಪೂರ್ತಿ ಬಿಡಿಸಿ, ಒಳಸೆರಗಿನಲ್ಲಿ ಎಲ್ಲೋ ಎಳೆ ತಪ್ಪಿದ್ದ ಜಾಗವನ್ನು ಹುಡುಕಿ ತೋರಿಸಿದರು. ಉಟ್ಟರೆ ಅದು ಯಾರಿಗೂ ಕಾಣುತ್ತಿರಲಿಲ್ಲ. ಹಾಗೆಂದೆ. "ಕಾಣುವುದಿಲ್ಲ. ಆದರೆ ಇಲ್ಲೇ ನೋಡಿ ತೆಗೊಂಡು ಹೋದರೆ ನಿಮಗೂ ನಿದ್ದೆ, ನನಗೂ ನಿದ್ದೆ" ಎಂದರು. ಗಿರಾಕಿಗಳಿಗೆಲ್ಲ ಅವರು ಹೇಳುತ್ತಿದ್ದ ಮಾತಂತೆ ಅದು.

ಊರಿಗೆ ಮಾತ್ರ ಅವರ ಕಾಯಿಲೆಯ ವಿಷಯದಲ್ಲಿ ನಿದ್ದೆ ಇರಲಿಲ್ಲ. ಲಿವರ್ ಕೆಟ್ಟಿತೆಂದರೆ ಕುಡಿತ ಎಂದೇ ನಮ್ಮ ಕಡೆಯ ಲೆಕ್ಕ. "ಹಾಜಿ ಅಂತ ಹೆಸರು ಮಾತ್ರ, ಗಲ್ಫಿನಲ್ಲಿ ಎಂತೆಲ್ಲ ಮಾಡಿದ್ದಾರೋ" ಎಂದು ನಮ್ಮ ಸೆಂಟರಿನ ರಿಸೆಪ್ಷನ್ ಹುಡುಗಿಯೇ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ಒಂದು ಲೋಟ ಸೋಡಾ ಕುಡಿಯಲಿಕ್ಕೂ ಸಂಕೋಚಪಡುವ ಮನುಷ್ಯ ಅವರು. ನನಗೆ ಸಿಟ್ಟು ಬಂತು. ಮಗನಿಗಂತೂ ತಲೆಯೆತ್ತಿ ನಡೆಯಲಾಗದ ಹಾಗಾಗಿತ್ತು. ಮುಂದಿನ ಸಲ ಬಂದಾಗ ಅವನು ತಂದೆಯ ಎದುರಿನಲ್ಲಿಯೇ ಕೇಳಿದ:

"ನೀವು ಒಂದು ಸಲ ಪೇಟೆಗೆ ಬಂದು ನಾಲ್ಕು ಜನರ ಎದುರು ಹೇಳ್ಬೇಕು ಡಾಕ್ಟ್ರೇ. ಇದು ಕುಡಿದು ಬಂದದ್ದಲ್ಲ ಅಂತ."

"ಖಂಡಿತ ಹೇಳ್ತೇನೆ" ಎಂದೆ ನಾನು.

"ಬೇಡ" ಎಂದರು ಹಾಜಿಯವರು. ದನಿ ಮೆಲ್ಲಗಿತ್ತು. "ನಾನು ಕುಡಿದವನಲ್ಲ ಅಂತ ಊರಿಡೀ ಹೇಳಿದರೆ, ಕುಡಿದವನಿಗೆ ಬಂದದ್ದು ಸರಿಯೇ ಆಯ್ತು ಅಂತ ಹೇಳಿದ ಹಾಗೆ ಆಗ್ಲಿಲ್ಲವಾ? ಹೊರಗೆ ಬೆಂಚಿನಲ್ಲಿ ಒಬ್ಬ ಕೂತಿದ್ದಾನೆ. ಅವನ ಮುಖ ನೋಡಿ ನಾನು ಹಾಗೆ ಹೇಳ್ಲಿಕ್ಕೆ ಆಗ್ತದಾ?"

ಹೊರಗೆ ಕೂತಿದ್ದವನು ನೆರಿಯದ ಕಡೆಯ ಒಬ್ಬ ರಬ್ಬರ್ ಟ್ಯಾಪಿಂಗ್ ಮಾಡುವವ. ಕುಡಿದು ಕುಡಿದು ಲಿವರ್ ಗಟ್ಟಿಯಾಗಿ ಕುಗ್ಗಿತ್ತು, ಕಣ್ಣು ಹಳದಿ. ಅವನಿಗೂ ಮುಂದೆ ಗಡ್ಡೆ ಆಗಬಹುದೆಂದು ಆಗಾಗ ಸ್ಕ್ಯಾನ್ ಮಾಡಿ ನೋಡಬೇಕಿತ್ತು. ಬೆಳ್ತಂಗಡಿಗೆ ಬಂದು ಬಸ್ಸು ಬದಲಿಸಿ ಬಿ.ಸಿ.ರೋಡಿಗೆ ಬರುತ್ತಿದ್ದ, ಜೊತೆಗೆ ಯಾರೂ ಇರುತ್ತಿರಲಿಲ್ಲ. ಬೆಂಚಿನಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ ಕೂಡ. ಹಾಜಿಯವರು ಕೂತರು. ಅಷ್ಟೇ ಅಲ್ಲ, ತಮ್ಮ ಸ್ಕ್ಯಾನಿಂಗಿನ ದಿನಕ್ಕೇ ಅವನ ದಿನವನ್ನೂ ಹೊಂದಿಸಿಕೊಡಲು ನನ್ನಲ್ಲಿ ಕೇಳಿದರು. "ನೀನು ಬಾರದಿದ್ದರೆ ನನಗೆ ಮಾತಾಡ್ಲಿಕ್ಕೆ ಜನ ಇಲ್ಲ ಮಾರಾಯ" ಎಂದು ಅವನಿಗೆ ಹೇಳುತ್ತಿದ್ದರು.

ಒಂದು ಸಲ ಅವನು ಕುಡಿದೇ ಬಂದ. ರಿಸೆಪ್ಷನ್ ಹುಡುಗಿ ಹೊರಗೆ ಹೋಗು ಎಂದಳು. ಹಾಜಿಯವರ ಮಗ, "ಇವನ ಹತ್ತಿರ ಕೂತೇ ನಮ್ಮ ಮರ್ಯಾದೆ ಹೋದದ್ದು" ಎಂದು ಗಟ್ಟಿಯಾಗಿಯೇ ಹೇಳಿದ. ಹಾಜಿಯವರು ಎದ್ದು ನೆರಿಯದವನ ತೋಳು ಹಿಡಿದು ತಂದು, ಎಂದಿನ ಜಾಗದಲ್ಲಿ ಕೂರಿಸಿ, ಅವನ ಸರದಿ ಬರುವವರೆಗೆ ಆ ತೋಳನ್ನು ಬಿಡಲಿಲ್ಲ. ಬೈಯಲೂ ಇಲ್ಲ. ಅವನು ತಲೆ ತಗ್ಗಿಸಿ ಅಳುತ್ತಿದ್ದ. ಆಮೇಲೆ ಅವನು ಕುಡಿದು ಬಂದದ್ದನ್ನು ನಾನು ಕಂಡಿಲ್ಲ.

ಎರಡನೆಯ ವರ್ಷದ ಒಂದು ಬೆಳಿಗ್ಗೆ, ಹಾಜಿಯವರ ಹೊಟ್ಟೆಯ ಮೇಲೆ ಓಡುತ್ತಿದ್ದ ನನ್ನ ಕೈ ನಿಂತಿತು. ಕತ್ತರಿಸಿದ ಅಂಚಿನ ಹತ್ತಿರ ಒಂದು ಸಣ್ಣ ಚುಕ್ಕೆ.

"ಬಂತಾ?" ಎಂದರು.

"ಬಂದಿದೆ. ತೀರಾ ಸಣ್ಣದು."

ಅವರು ಕಣ್ಣು ಮುಚ್ಚಿಕೊಂಡು ತುಟಿಯಲ್ಲೇ ಏನೋ ಹೇಳಿಕೊಂಡರು. ನನ್ನ ಕಣ್ಣು ತುಂಬಿದ್ದು ಅವರಿಗೆ ಹೇಗೆ ತಿಳಿಯಿತೋ. "ಅಳ್ಬೇಡಿ ಡಾಕ್ಟ್ರೇ. ನೀವು ಬರ್ತದೆ ಅಂತ ಹೇಳಿದ ಕಾರಣ ಅಲ್ಲವಾ ಇಷ್ಟು ಸಣ್ಣದಿರುವಾಗ ಸಿಕ್ಕಿದ್ದು?"

ಇನ್ನೊಂದು ಆಪರೇಷನ್ ತಾಳುವಷ್ಟು ಲಿವರ್ ಉಳಿದಿರಲಿಲ್ಲ. ಗಡ್ಡೆ ಸಣ್ಣದಿದ್ದುದರಿಂದ ಇನ್ನೊಂದು ದಾರಿಯಿತ್ತು. ಸ್ಕ್ಯಾನಿನಲ್ಲಿ ನೋಡುತ್ತಾ ಉದ್ದನೆಯ ಸೂಜಿಯನ್ನು ನೇರ ಗಡ್ಡೆಯೊಳಗೆ ಇಳಿಸಿ, ಮದ್ದು ಬಿಟ್ಟು ಅದನ್ನು ಸಾಯಿಸುವುದು. ಮಂಗಳೂರಿನಲ್ಲಿ ನನ್ನ ಪ್ರೊಫೆಸರರೇ ಮಾಡುತ್ತಿದ್ದರು. ಎಲ್ಲವನ್ನೂ ವಿವರಿಸಿದೆ, ಒಂದನ್ನು ಬಿಟ್ಟು.

"ಎಂತ ಮದ್ದು ಅದು?" ಎಂದು ಅವರೇ ಕೇಳಿದರು.

ಹೇಳದೆ ವಿಧಿಯಿರಲಿಲ್ಲ. "ಆಲ್ಕೋಹಾಲ್. ಶುದ್ಧ ಮಾಡಿದ್ದು. ಆದರೆ ಸಾರಾಯಿಯಲ್ಲಿ ಇರುವುದೂ ಅದೇ."

ಮಗ ಮುಖ ಮುಚ್ಚಿಕೊಂಡ. ಹಾಜಿಯವರು, "ಉಸ್ತಾದರ ಹತ್ತಿರ ಕೇಳಿ ಹೇಳ್ತೇನೆ" ಎಂದು ಎದ್ದರು. ಎರಡು ದಿನ ಬಿಟ್ಟು ಬಂದರು. ಜೀವ ಉಳಿಸಲು ಬೇರೆ ದಾರಿ ಇಲ್ಲದಿದ್ದರೆ ಅಡ್ಡಿಯಿಲ್ಲ ಎಂದು ಮಸೀದಿಯ ಉಸ್ತಾದರು ಹೇಳಿದ್ದರಂತೆ. "ಆದರೆ ನೀವೂ ಬರಬೇಕು. ನನ್ನ ಲಿವರಿನ ಗುರ್ತ ಇರುವುದು ನಿಮಗೆ" ಎಂದರು.

ರಜೆ ಹಾಕಿ ಹೋದೆ. ಪ್ರೊಫೆಸರರು ಸೂಜಿ ಇಳಿಸಿದರು, ನಾನು ಪಕ್ಕದಲ್ಲಿ ನಿಂತು ಪರದೆ ನೋಡಿದೆ. ಕಪ್ಪು ಚುಕ್ಕೆಯೊಳಗೆ ಬೆಳ್ಳನೆಯ ಮೋಡ ಹರಡಿತು. ಹಾಜಿಯವರು ಹಲ್ಲು ಕಚ್ಚಿ ನೋವು ನುಂಗಿದರು. ವಾರ ಬಿಟ್ಟು ಇನ್ನೊಮ್ಮೆ, ಮತ್ತೊಮ್ಮೆ. ಅದಾದ ಮೇಲಿನ ಭೇಟಿಯಲ್ಲಿ, ಬೆಂಚಿನ ಗೆಳೆಯನಿಗೆ ಅವರು ಹೇಳುತ್ತಿದ್ದುದು ಬಾಗಿಲ ಸಂದಿಯಿಂದ ಕೇಳಿಸಿತು: "ಊರಿನವರ ಮಾತು ಕಡೆಗೂ ಸತ್ಯ ಆಯ್ತು ಮಾರಾಯ. ನೀನು ಬಾಯಿಂದ ಕುಡಿದೆ, ನನಗೆ ಸೂಜಿಯಿಂದ ಕುಡಿಸಿದರು." ಇಬ್ಬರೂ ನಗುತ್ತಿದ್ದರು. ಮಗನ ತುಟಿಯಲ್ಲೂ ಸಣ್ಣ ನಗು ಬಂದಿತ್ತು.

ಆ ಸೂಜಿ ಅವರಿಗೆ ಸುಮಾರು ನಾಲ್ಕು ವರ್ಷ ಕೊಟ್ಟಿತು. ಆ ವರ್ಷಗಳಲ್ಲಿ ಅವರು ಕಿರಿಯ ಮಗಳ ಮದುವೆ ಮಾಡಿದರು, ಅಂಗಡಿಯನ್ನು ಮಗನ ಕೈಗೆ ಒಪ್ಪಿಸಿದರು, ಇನ್ನೊಮ್ಮೆ ಮಕ್ಕಾಕ್ಕೂ ಹೋಗಿ ಬಂದು ನನಗೆ ಖರ್ಜೂರ ಕೊಟ್ಟರು. ಆಮೇಲೆ ಅದು ಮತ್ತೆ ಬಂತು. ಈ ಸಲ ಒಂದಲ್ಲ, ಲಿವರಿನ ತುಂಬ. ಇನ್ನು ಮಾಡುವುದು ಏನೂ ಉಳಿದಿಲ್ಲ ಎಂದು ಅವರಿಗೆ ನಾನೇ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಅವರಿಗೆ ಇಷ್ಟವಿರಲಿಲ್ಲ.

ಕೊನೆಯ ಸಲ ಬಂದಾಗ ಹೊಟ್ಟೆ ಉಬ್ಬಿತ್ತು, ಕಾಲು ಬಾತಿತ್ತು. ಮಗ ಹಿಡಿದುಕೊಂಡಿದ್ದ. ನಾನು ಜೆಲ್ಲಿನ ಬಾಟಲಿ ಕೈಗೆತ್ತಿಕೊಂಡೆ.

"ಇವತ್ತು ನೋಡುವುದು ಬೇಡ ಡಾಕ್ಟ್ರೇ" ಎಂದರು. "ಇವತ್ತು ನಾನು ನಿಮ್ಮನ್ನು ನೋಡ್ಲಿಕ್ಕೆ ಬಂದದ್ದು."

ಅರ್ಧ ಗಂಟೆ ಕೂತಿದ್ದರು. ನನ್ನ ಅಮ್ಮನ ಆರೋಗ್ಯ ಕೇಳಿದರು, ಮೂಡಬಿದಿರೆಯ ರಸ್ತೆ ಸರಿಯಾಯಿತೇ ಎಂದು ಕೇಳಿದರು. ಹೊರಡುವಾಗ, "ನೆರಿಯದವ ಬಂದರೆ ಸ್ವಲ್ಪ ಮಾತಾಡಿ ಕಳಿಸಿ" ಎಂದರು. ಆ ತಿಂಗಳು ಮುಗಿಯುವುದರೊಳಗೆ ತೀರಿಹೋದರು. ಸುದ್ದಿ ನನಗೆ ತಲುಪುವಾಗ ಎಲ್ಲ ಮುಗಿದಿತ್ತು.

ಇಂದಿಗೂ ಒಬ್ಬರ ಆಪರೇಷನ್ನಿಗೆ ಮೊದಲಿನ ಫಿಲ್ಮಿನಲ್ಲಿ ಹರಡಿದ ಅಂಚು ಕಂಡರೆ, ಎದುರು ಕೂತವರಿಗೆ ಅದನ್ನು ತೋರಿಸಿ ಹೇಳುವ ಧೈರ್ಯ ನನಗಿದೆ. ಅದು ಓದಿನಿಂದ ಬಂದದ್ದಲ್ಲ, ಅವರು ಕೊಟ್ಟದ್ದು.

ನೆರಿಯದವನು ತನ್ನ ಸರದಿಯ ದಿನ ಬಂದ. ವಿಷಯ ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದರೆ, ಅವನೇ ಹೇಳಿದ.

"ನಾನು ಹೋಗಿದ್ದೆ ಡಾಕ್ಟ್ರೇ. ಸಾಹೇಬ್ರ ಮಗನೇ ಅಂಗಡಿಯ ಜನ ಕಳಿಸಿ ಹೇಳಿಸಿದ್ರು. ಮಸೀದಿಯ ಗೇಟಿನ ಹೊರಗೆ ನಿಂತಿದ್ದೆ, ಒಳಗೆ ಹೋಗಬಹುದಾ ಇಲ್ವಾ ಅಂತ ಗೊತ್ತಿರ್ಲಿಲ್ಲ. ಮಣ್ಣು ಹಾಕುವ ಹೊತ್ತಿಗೆ ಮಗ ಹೊರಗೆ ಬಂದು ಅಷ್ಟು ಜನರ ಎದುರು ನನ್ನ ತೋಳು ಹಿಡಿದು ಕರ್ಕೊಂಡು ಹೋದ್ರು. ಒಬ್ಬರು ಕೇಳಿದ್ರು, ಇವ ಯಾರು ಅಂತ. 'ನಮ್ಮ ತಂದೆಯ ಜನ' ಅಂತ ಹೇಳಿದ್ರು."