ಸೊಸೆಗಾಗಿ ಬಂದ ಮನೆಮಂದಿ

ಆಸ್ಪತ್ರೆಯ ಮುಂದೆ ಗೂಡ್ಸ್ ಆಟೊ ನಿಂತಿತು. ಇಳಿದವರೆಲ್ಲ ಗೆಟ್ಟವಾಡಿಯ ಒಂದೇ ಮನೆಯವರು. ಮುಂದೆ ಬಂದ ಪುಟ್ಟಮ್ಮ, ‘ಸಿಸ್ಟರವ್ವ, ಇವ್ರಿಗೆಲ್ಲ ಚುಚ್ಬುಡು’ ಎಂದರು.

ನಾನು ತಾಳವಾಡಿಯಲ್ಲಿ ನರ್ಸ್. ಪುಟ್ಟಮ್ಮನ ಸೊಸೆ ಗೌರಿಗೆ ಕಿಡ್ನಿ ಕಸಿಯಾಗಿದೆ. ಕೊಟ್ಟವರು ಈ ಅತ್ತೆಯೇ. ಹೊಸ ಕಿಡ್ನಿ ಉಳಿಯಲೆಂದು ಗೌರಿ ನುಂಗುವ ಮಾತ್ರೆಗಳು ಮೈಯ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ. ಊರಲ್ಲಿ ಸೀತಾಳೆ ಸಿಡುಬು ಕಾಣಿಸಿಕೊಂಡಾಗ ಅವಳು ಹೆದರಿ ಲಸಿಕೆ ಕೇಳಿಕೊಂಡು ಬಂದಿದ್ದಳು. ಆ ಲಸಿಕೆಯಲ್ಲಿ ಜೀವಂತ ರೋಗಾಣು ಇರುವುದರಿಂದ ಅವಳಿಗೆ ಹಾಕುವಂತಿರಲಿಲ್ಲ. ಮನೆಯವರು ಹಾಕಿಸಿಕೊಂಡರೆ ಅವಳಿಗೆ ಕಾಯಿಲೆ ಅಂಟುವ ಭಯ ಕಡಿಮೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಈಗ ಇಡೀ ಮನೆಯೇ ಬಂದಿತ್ತು. ಜ್ವರ, ಅಲರ್ಜಿ, ಬಸಿರು ಎಲ್ಲ ವಿಚಾರಿಸಿಕೊಂಡು ಒಬ್ಬೊಬ್ಬರಿಗೇ ಚುಚ್ಚಿದೆ. ಲಸಿಕೆಯ ನಂತರ ಯಾರಿಗಾದರೂ ಮೈಮೇಲೆ ಗುಳ್ಳೆ ಎದ್ದರೆ ಅವರು ಗೌರಿಯಿಂದ ದೂರವಿರಬೇಕೆಂದೂ ಹೇಳಿದೆ. ಹೊಲಕ್ಕೆ ನುಗ್ಗುವ ಆನೆಗಳನ್ನು ಓಡಿಸುವ ಗೌರಿಯ ಮೈದುನ ಸೂಜಿ ಕಂಡು ಕಣ್ಣು ಮುಚ್ಚಿಕೊಂಡಾಗ ಎಲ್ಲರೂ ನಕ್ಕರು.

ಕೊನೆಗೆ ಪುಟ್ಟಮ್ಮ ತೋಳು ಚಾಚಿದರು. ಚಿಕ್ಕಂದಿನಲ್ಲೇ ಸೀತಾಳೆ ಬಂದು ಹೋಗಿದೆ ಎಂದು ಅವರೇ ಹೇಳಿದ್ದರಿಂದ ಅವರಿಗೆ ಲಸಿಕೆ ಬೇಕಿಲ್ಲ ಎಂದೆ. ಅವರ ಮುಖ ಸಪ್ಪಗಾಯಿತು.

‘ಅಂಗಂದ್ರೆ ಎಂಗವ್ವ? ಅವ್ಳ ಒಟ್ಟೇಲಿರೋದು ನನ್ ಕಿಡ್ನಿ ಅಲ್ವಾ? ನಾನ್ ಕಾಯ್ದೇ ಇದ್ರೆ ಇನ್ಯಾರ್ ಕಾದಾರು?’

ಆ ಸಂಜೆ ಮನೆಗೆ ಹೋದವಳೇ ನನ್ನ ಅತ್ತೆಗೆ ಫೋನ್ ಮಾಡಿದೆ. ಏನು ವಿಷಯ ಎಂದು ಅವರು ಮತ್ತೆ ಮತ್ತೆ ಕೇಳಿದರು. ವಿಷಯವೇನೂ ಇರಲಿಲ್ಲ, ಬಹಳ ಹೊತ್ತು ಮಾತಾಡಿದೆವು.