ಅಪ್ಪ ಕಿತ್ತುಕೊಂಡ ಸೀಟಿ

ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ವಿಚ್ಛೇದನವಾದ ಮೇಲೆ ಅಪ್ಪ, ಅವ್ವ ಧನಕವಡಿಯ ಮನೆಯಲ್ಲಿ ಪಾತ್ರೆ ಹಂಚಿಕೊಳ್ಳಲು ಕೂತಿದ್ದರು. ನಮ್ಮಲ್ಲಿ ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು ಕೊರೆಸಿರುತ್ತಾರೆ. ಒಂದೊಂದನ್ನೇ ಬೆಳಕಿಗೆ ಹಿಡಿದು ಹೆಸರು ಓದಿ, ಯಾರ ಕಡೆಯವರದೋ ಅವರ ಚೀಲಕ್ಕೆ ಎಸೆಯುತ್ತಿದ್ದರು. ಕುಕ್ಕರಿನ ಮೇಲೆ ನನ್ನ ಸೋದರಮಾವನ ಹೆಸರಿತ್ತು. ಅವ್ವ ಅದನ್ನು ಎಳೆದುಕೊಂಡಳು. ಅಪ್ಪ ಮುಚ್ಚಳದ ಮೇಲಿನ ಸೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

“ನಿಮ್ಮಣ್ಣ ಕೊಟ್ಟಿದ್ದ ಸೀಟಿ ಯಾವಾಗೋ ಹಾಳಾತು. ಇದು ನಾ ತಂದದ್ದು.”

“ಇಟ್ಕೋರಿ. ಅದರಾಗ ಅನ್ನ ಮಾಡ್ಕೊಂಡು ಉಣ್ರಿ,” ಎಂದಳು ಅವ್ವ.

ಆಮೇಲೆ ಅವ್ವ ಎಷ್ಟೋ ತಿಂಗಳು ಬೇಳೆಯನ್ನು ಬೋಗುಣಿಯಲ್ಲೇ ಬೇಯಿಸಿದಳು. ಬೇರೆ ಸೀಟಿ ತಂದರೆ ಅಪ್ಪ ಗೆದ್ದಂತೆ ಎಂಬುದು ಅವಳ ಹಟ. ನಾನು ಅರೆಬೆಂದ ಬೇಳೆ ಉಣ್ಣುತ್ತ ಇಬ್ಬರನ್ನೂ ಬೈದುಕೊಳ್ಳುತ್ತಿದ್ದೆ.

ಮೊನ್ನೆ ಚಿಂಚವಾಡದಲ್ಲಿರುವ ಅಪ್ಪನ ಮನೆಗೆ ಹೋಗಿದ್ದೆ. ಊಟದ ಡಬ್ಬಿ ಹೊರಗಿನಿಂದ ಬರುತ್ತದೆ, ಮನೆಯಲ್ಲಿ ಕುಕ್ಕರೇ ಇಲ್ಲ. ಕೀಲಿಕೈ ಗೊಂಚಲಿನಲ್ಲಿ ಆ ಸೀಟಿ ನೇತಾಡುತ್ತಿತ್ತು.

“ಕೊಡ್ರಿ, ಅವ್ವಗ ಒಯ್ತೀನಿ,” ಎಂದೆ.

ಅಪ್ಪ ಗೊಂಚಲನ್ನು ಜೇಬಿಗೆ ಹಾಕಿಕೊಂಡ.

“ಅಕಿ ಬಂದು ಕೇಳಲಿ.”